ಕೀಹೋಲ್ ಬೇಡ, ಮರುದಿನದ ಪ್ರಯಾಣವೂ ಬೇಡ

ಅಣ್ಣಾರ, ನಾನು ಟ್ರಾನ್ಸ್ ಪುರುಷ, ಸ್ತನ ತೆಗೆಸಬೇಕು, ಎದೆ ದೊಡ್ಡದು, ವರ್ಷಗಟ್ಟಲೆ ಬೈಂಡರ್ (ಎದೆ ಒತ್ತಿಹಿಡಿಯುವ ಬಿಗಿ ಒಳಉಡುಪು) ಹಾಕಿದ್ದೇನೆ, ಕೀಹೋಲ್ ಆಪರೇಷನ್ ಆದೀತೇ, ಬೆಂಗಳೂರಿನಿಂದ ಮರುದಿನವೇ ಧಾರವಾಡಕ್ಕೆ ಬರಬಹುದೇ ಎಂದು ಕೇಳಿದ್ದೀರಿ.

ಕೀಹೋಲ್, ಅಂದರೆ ತೊಟ್ಟಿನ ಅಂಚಿನಲ್ಲಿ ಸಣ್ಣದಾಗಿ ಕೊಯ್ದು ಸ್ತನ ತೆಗೆಯುವುದು, ಇರುವುದು ಸಣ್ಣ ಎದೆ, ಬಿಗಿ ಚರ್ಮದವರಿಗೆ. ನಿಮ್ಮಂಥವರಿಗೆ ಮಾಡಿದರೆ ಚರ್ಮ ಜೋತುಬಿದ್ದು ಮತ್ತೆ ಕೊಯ್ಯಿಸಬೇಕಾಗುತ್ತದೆ. ಎರಡೂ ಬದಿ ಉದ್ದಕ್ಕೆ ಕೊಯ್ದು ಹೆಚ್ಚಿನ ಚರ್ಮವನ್ನೂ ತೆಗೆಯುವ ಡಬಲ್ ಇನ್ಸಿಷನ್ನೇ ಸರಿ. ಗುರುತು ಉದ್ದ ಉಳಿಯುತ್ತದೆ, ಆದರೆ ಎದೆ ಸಪಾಟಾಗುತ್ತದೆ. ಇದರಲ್ಲಿ ತೊಟ್ಟನ್ನು ಬಿಡಿಸಿ ಬೇರೆ ಜಾಗಕ್ಕೆ ಹೊಲಿಯುತ್ತಾರೆ, ಹಾಗಾಗಿ ಸ್ಪರ್ಶಜ್ಞಾನ ಬಹುಪಾಲು ಹೋಗುತ್ತದೆ.

ಗುಟ್ಕಾ, ಸಿಗರೇಟು ಇದ್ದರೆ ಕನಿಷ್ಠ 4 ವಾರ ಮೊದಲೇ ಪೂರ್ತಿ ಬಿಡಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ರಕ್ತ ಸಿಗದೆ ಹೊಲಿದ ತೊಟ್ಟು ಸಾಯಬಹುದು. ಇದನ್ನು ಸರ್ಜನ್‌ರಿಂದ ದಯವಿಟ್ಟು ಮುಚ್ಚಿಡಬೇಡಿ. ಆಪರೇಷನ್‌ಗೆ ಸರ್ಜನ್ ಕೇಳುವ ಮನೋವೈದ್ಯರ ಪತ್ರಕ್ಕೆ ಮೊದಲು ನಿಮ್ಮೂರಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲೇ ವಿಚಾರಿಸಿ. ಪತ್ರ ಒಂದು ಬೇಕೋ ಎರಡೋ ಎಂದು ಸರ್ಜನ್‌ರನ್ನು ಮುಂಚೆಯೇ ಕೇಳಿಕೊಳ್ಳಿ. ಎದೆಯ ಆಪರೇಷನ್‌ಗೆ ಮೊದಲು ಟೆಸ್ಟೊಸ್ಟೆರಾನ್ (ಪುರುಷ ಹಾರ್ಮೋನು) ತೆಗೆದುಕೊಳ್ಳುವುದು ಕಡ್ಡಾಯವಲ್ಲ.

ಮರುದಿನ ಊರಿಗೆ ಬರಲೇಬೇಡಿ. ಒಳಗೆ ರಕ್ತ ಕಟ್ಟುವ ಅಪಾಯ ಮೊದಲ 24–48 ಗಂಟೆಗಳಲ್ಲೇ ಹೆಚ್ಚು. ಒಂದೇ ಬದಿ ದಿಢೀರನೆ ಉಬ್ಬಿ ಬಿಗಿದು ನೋಯತೊಡಗಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಾತ್ರಿ ಬಸ್ಸಿನಲ್ಲಿದ್ದರೆ ಏನು ಮಾಡುತ್ತೀರಿ? ಗಾಯದೊಳಗಿನ ದ್ರವ ಹೊರಹಾಕಲು ಇಟ್ಟ ಡ್ರೇನ್ ಪೈಪು ತೆಗೆಯುವವರೆಗೆ, ಅಂದರೆ ಸುಮಾರು ಒಂದು ವಾರ, ಅಲ್ಲೇ ಇರಿ. ಪೈಪಿನಲ್ಲಿ ಬಂದ ದ್ರವವನ್ನು ಅಳೆದು, ಎರಡೂ ಬದಿಯದನ್ನು ಬೇರೆಬೇರೆ ಬರೆದಿಡಿ. ಸಾಮಾನ್ಯವಾಗಿ ದಿನಕ್ಕೆ 30 ಎಂಎಲ್‌ಗಿಂತ ಕಡಿಮೆಯಾದಾಗ ತೆಗೆಯುತ್ತಾರೆ.

ಊರಿಗೆ ಬಂದಮೇಲೆ ಸಿಲಿಂಡರ್, ನೀರಿನ ಕೊಡ ಎತ್ತುವುದು 6 ವಾರ ಬೇಡ.