ನೆಲಮಾಳಿಗೆಯ ತಾತ್ಕಾಲಿಕ ಸಿಂಕಿಗೂ ವೆಂಟ್ ಪೈಪ್ ಬೇಕಾ?

ಬೇಕು. ಕೆಲವೇ ತಿಂಗಳಿಗೆ ಹಾಕಿದ ಸಿಂಕ್ ಆದರೂ ಡ್ರೈನಿಗೆ ಗಾಳಿಯ ದಾರಿ, ಅಂದರೆ ವೆಂಟ್, ಇರಲೇಬೇಕು. ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ, ಅಂದರೆ ಟ್ರ್ಯಾಪಿನಲ್ಲಿ, ನಿಂತ ನೀರೇ ಚರಂಡಿ ವಾಸನೆಯನ್ನು ತಡೆಯುವುದು. ವೆಂಟ್ ಇಲ್ಲದಿದ್ದರೆ ಬಕೆಟ್ ನೀರು ಸುರಿದಾಗ ಟ್ರ್ಯಾಪಿನ ನೀರೂ ಎಳೆದುಕೊಂಡು ಹೋಗಬಹುದು. ಮೊದಲು ಗುಳುಗುಳು ಸದ್ದು, ಆಮೇಲೆ ನಾತ.

ಹಾಗಂತ ಸುಮ್ನೆ ಗೋಡೆ ಒಡೆದು ಚಾವಣಿವರೆಗೆ ಪೈಪ್ ಎಳೆಯಬೇಕಿಲ್ಲ. ಸಾಮಾನ್ಯವಾಗಿ ಏರ್ ಅಡ್ಮಿಟೆನ್ಸ್ ವಾಲ್ವ್ ಸಾಕು. ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಟ್ರ್ಯಾಪಿನಿಂದ ಹೊರಟ ಅಡ್ಡ ಪೈಪಿಗಿಂತ ಕನಿಷ್ಠ 10 ಸೆಂ.ಮೀ. ಮೇಲೆ, ನೆಟ್ಟಗೆ, ಕೈಗೆ ಸಿಗುವಂತೆ ಕೂರಿಸಿ. ಎಲ್ಲ ಕಡೆ ಇದಕ್ಕೆ ಅನುಮತಿ ಇಲ್ಲ, ಮೊದಲೇ ವಿಚಾರಿಸಿ.

ಸಿಂಕಿನ ನೀರು, ಕೊಳೆ ನೀರನ್ನು ಮೇಲೆತ್ತುವ ಪಂಪಿನ ಮುಚ್ಚಿದ ಗುಂಡಿಗೆ ಹೋಗುತ್ತಿದ್ದರೆ, ಗುಂಡಿಯ ವೆಂಟಿಗೆ ಈ ವಾಲ್ವ್ ನಡೆಯದು. ಗುಂಡಿ ತುಂಬುವಾಗ ಒಳಗಿನ ಗಾಳಿ ಹೊರಗೆ ಹೋಗಬೇಕಲ್ವಾ?