ಗಂಟೆ ಬಾರಿಸಿದಾಗ ಅಕ್ಷರವನ್ನು ಅರ್ಧಕ್ಕೇ ಬಿಡುವುದು

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ಮನೆ, ಆಫೀಸು, ಇಬ್ಬರು ಚಿಕ್ಕ ಮಕ್ಕಳು. ಸನ್ಯಾಸಿಗಳ ಬದುಕು ನಿಮ್ಮನ್ನು ಮೊದಲಿನಿಂದಲೂ ಸೆಳೆಯುತ್ತದೆ. ಕಾಲೇಜಿನಲ್ಲಿದ್ದಾಗ ಚಿತ್ರ ಬಿಡಿಸುತ್ತಿದ್ದಿರಿ, ಈಗ ಅದೂ ನಿಂತಿದೆ. ಬೆಳಿಗ್ಗೆ 4ಕ್ಕೆ ಎದ್ದು ಎರಡು ತಾಸು ಧ್ಯಾನಕ್ಕೂ ಚಿತ್ರಕ್ಕೂ ಇಡೋಣ ಎಂದು ಶುರು ಮಾಡಿದಿರಿ, ಆದರೆ ವಾರ ತುಂಬುವ ಮೊದಲೇ ಕೈಬಿಟ್ಟಿತು. ಮನೆ ಬಿಡದೆ ಮಠದ ಶಿಸ್ತನ್ನೂ ಕಲೆಯನ್ನೂ ದಿನದ ಬದುಕಿಗೆ ತರುವ ದಾರಿ ಇದೆಯಾ ಅಂತ ಕೇಳಿದ್ದೀರಿ.

ಇದೆ. ಆದರೆ ಆ ಎರಡು ತಾಸು ಹುಡುಕುವುದನ್ನು ಮೊದಲು ಬಿಡಿ. ಸನ್ಯಾಸಿಗಳ ಹತ್ತಿರವೂ ಅಷ್ಟು ಬಿಡುವು ಇರುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನಗೆ ಹತ್ತಿರದಿಂದ ಗೊತ್ತಿರುವುದು ಕ್ರೈಸ್ತರ ಬೆನೆಡಿಕ್ಟೈನ್ ಪರಂಪರೆ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆ ಆಶೀರ್ವನಂ ಎಂಬ ಅವರ ಮಠವಿದೆ. ಅಲ್ಲಿ ಅತಿಥಿಯಾಗಿ ಉಳಿದು ಬಂದಿದ್ದೇನೆ. ಹಾಗಾಗಿ ಆ ದಾರಿಯ ಬಗ್ಗೆಯೇ ಹೇಳುತ್ತೇನೆ.

ಇದನ್ನು ಶುರು ಮಾಡಿದ ಸಂತ ಬೆನೆಡಿಕ್ಟ್ ಹುಟ್ಟಿದ್ದು ಸುಮಾರು 480ರಲ್ಲಿ, ಇಟಲಿಯಲ್ಲಿ. ಮೋಂಟೆ ಕಸೀನೋ ಬೆಟ್ಟದ ಮೇಲೆ ಮಠ ಕಟ್ಟಿ, ತಮ್ಮ ಜೊತೆಯವರಿಗಾಗಿ 73 ಅಧ್ಯಾಯಗಳ ಒಂದು ನಿಯಮಾವಳಿ ಬರೆದರು. ಓದಿದರೆ ನಿಮಗೆ ಆಶ್ಚರ್ಯ ಆಗಬಹುದು. ಅದರಲ್ಲಿ ಸಮಾಧಿ, ಸಾಕ್ಷಾತ್ಕಾರದ ಮಾತು ಕಡಿಮೆ. ಯಾರು ಅಡುಗೆ ಮಾಡಬೇಕು, ಎಷ್ಟು ಹೊತ್ತಿಗೆ ಉಣ್ಣಬೇಕು, ಹಾಸಿಗೆಗೆ ಏನೇನು ಕೊಡಬೇಕು, ತಡವಾಗಿ ಬಂದವರು ಎಲ್ಲಿ ನಿಲ್ಲಬೇಕು, ಇಂಥವೇ ಜಾಸ್ತಿ. ನನಗೆ ಆ ಪುಸ್ತಕ ಇಷ್ಟವಾಗಿದ್ದೇ ಇದಕ್ಕೆ. ಸಂಸಾರಸ್ಥರಿಗೆ ಅದರಲ್ಲಿ ಗೊತ್ತಿಲ್ಲದ್ದು ಬಹಳ ಏನಿಲ್ಲ.

ಆ ದಿನಚರಿಯಲ್ಲಿ ಹಗಲು ಏಳು ಸಲ, ರಾತ್ರಿ ಒಂದು ಸಲ ಪ್ರಾರ್ಥನೆ. ಬೈಬಲಿನ 150 ಕೀರ್ತನೆಗಳನ್ನೂ ವಾರದಲ್ಲಿ ಒಂದು ಸುತ್ತು ಹಾಡಿ ಮುಗಿಸಬೇಕು. ನಡುವೆ ಹೊಲದ ಕೆಲಸ, ಅಡುಗೆ, ಓದು. ಅಂದರೆ ಅವರ ದಿನವೂ ತುಂಡು ತುಂಡೇ, ನಿಮ್ಮ ದಿನದ ಹಾಗೆ. ಏನೇ ಮಾಡುತ್ತಿರಲಿ, ಸ್ವಲ್ಪ ಹೊತ್ತಿಗೆ ಗಂಟೆ ಕೇಳಿಸುತ್ತದೆ. ಕೇಳಿಸಿದ ಕೂಡಲೇ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಏಳಬೇಕು ಎಂದು ನಿಯಮ ಹೇಳುತ್ತದೆ. 'ಇದೊಂದು ಮುಗಿಸಿ ಬರ್ತೀನಿ' ಅನ್ನುವ ಹಾಗಿಲ್ಲ.

ಬೆನೆಡಿಕ್ಟರಿಗಿಂತ ಮುಂಚೆ, ಐದನೇ ಶತಮಾನದ ಶುರುವಿನಲ್ಲಿ, ಜಾನ್ ಕ್ಯಾಸಿಯನ್ ಎಂಬುವರು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳ ಬಗ್ಗೆ ಬರೆದಿದ್ದಾರೆ. ಹಸ್ತಪ್ರತಿ ಬರೆಯುತ್ತಾ ಕೂತ ಸನ್ಯಾಸಿಗೆ ಬಾಗಿಲು ತಟ್ಟಿದ ಸದ್ದು ಕೇಳಿದರೆ, ಬರೆಯುತ್ತಿದ್ದ ಅಕ್ಷರವನ್ನೂ ಪೂರ್ತಿ ಮಾಡದೆ ಏಳುತ್ತಿದ್ದನಂತೆ. ವಾಕ್ಯವಲ್ಲ, ಪದವೂ ಅಲ್ಲ. ಒಂದು ಅಕ್ಷರ! ಇದನ್ನು ಓದಿದ ದಿನದಿಂದ ಅದು ನನ್ನ ತಲೆಯಲ್ಲಿ ಕೂತಿದೆ.

ಯಾಕೆಂದರೆ ನನ್ನ ಅಭ್ಯಾಸವೂ ಅಕ್ಷರದ್ದೇ. ಓರೆ ನಿಬ್ಬಿನ ಪೆನ್ನಿನಲ್ಲಿ ವಚನಗಳನ್ನು ನಿಧಾನವಾಗಿ ನಕಲು ಮಾಡುತ್ತೇನೆ. ಸಂಜೆ ಅಡುಗೆಮನೆಯ ಮೇಜಿನ ಒಂದು ಮೂಲೆಯಲ್ಲಿ. ಕುಕ್ಕರ್ ಮೂರನೇ ವಿಷಲ್ ಹಾಕಿದರೆ ಏಳಬೇಕು. ಅತ್ತೆ ಮಾತ್ರೆ ಕೇಳಿದರೆ ಏಳಬೇಕು. ಎಷ್ಟೋ ಸಲ 'ಳ' ಬರೆಯುತ್ತಾ ಇರುವಾಗ ಒಳಗಿನ ಸುರುಳಿ ಮುಗಿದಿರುತ್ತದೆ, ತಲೆಕಟ್ಟು ಹಾಕಿರುವುದಿಲ್ಲ. ಹಾಗೇ ಬಿಟ್ಟು ಏಳುತ್ತೇನೆ. ವಾಪಸ್ ಬರುವ ಹೊತ್ತಿಗೆ ನಿಬ್ಬಿನ ಶಾಯಿ ಒಣಗಿರುತ್ತದೆ. ಮತ್ತೆ ಅದ್ದಿ ತಲೆಕಟ್ಟು ಎಳೆದರೆ ಅದರ ಕಪ್ಪು ಒಂದು ಚೂರು ಗಾಢವಾಗಿ ಬರುತ್ತದೆ, ಸೇರಿದ ಜಾಗ ಕಣ್ಣಿಗೆ ಕಾಣುತ್ತದೆ. ಅದನ್ನು ಅಳಿಸುವುದಿಲ್ಲ, ತಿದ್ದುವುದೂ ಇಲ್ಲ.

ಹೀಗೆ ಎದ್ದು ಹೋಗುವುದೇ ಸಾಧನೆ ಎಂದು ನಾನು ನಂಬಿದ್ದೇನೆ. ನಿಮಗೆ ಹೇಳಬೇಕಾದ ಮುಖ್ಯ ಮಾತೂ ಇದೇ. ಮಗು ಅತ್ತಾಗ ಧ್ಯಾನ ಕೆಟ್ಟಿತು, ಚಿತ್ರ ಹಾಳಾಯಿತು ಅಂತ ಅನಿಸುತ್ತದೆ ಅಲ್ವಾ? ಆ ಅಳುವನ್ನು ಗಂಟೆಯ ಸದ್ದು ಎಂದು ಎಣಿಸಿ. ಪೆನ್ಸಿಲನ್ನು ಅಲ್ಲೇ ಇಟ್ಟು ಏಳಿ. ಗೊಣಗದೆ ಏಳುವುದನ್ನು ಕಲಿಯಲು ಸಮಯ ಬೇಕಾಗುತ್ತದೆ. ಆದರೆ ಕಲಿತ ಮೇಲೆ ಹತ್ತು ನಿಮಿಷ ಸಿಕ್ಕರೂ ಕೂತುಕೊಳ್ಳಲು ಭಯ ಆಗುವುದಿಲ್ಲ. 'ಪೂರ್ತಿ ಹೊತ್ತು ಸಿಕ್ಕರೆ ಮಾತ್ರ' ಎಂಬ ಷರತ್ತು ಇರುವ ತನಕ ಚಿತ್ರದ ಪುಸ್ತಕ ಬೀರುವಿನಿಂದ ಆಚೆ ಬರುವುದಿಲ್ಲ.

ಇದರ ಜೊತೆಗೇ ಇನ್ನೊಂದು ವಿಷಯ ಹೇಳಲೇಬೇಕು. ಮಠದ ಶಾಂತಿ ಅಲ್ಲಿನ ಪಾತ್ರೆ ತೊಳೆಯುವ ಸರದಿಯ ಮೇಲೆ ನಿಂತಿದೆ. ನಿಯಮದ 35ನೇ ಅಧ್ಯಾಯ ಪೂರ್ತಿ ಅಡುಗೆಮನೆಯದೇ. ಸರದಿಯ ಪ್ರಕಾರ ವಾರಕ್ಕೊಬ್ಬರಂತೆ ಎಲ್ಲರೂ ಅಡುಗೆ ಕೆಲಸ ಮಾಡಬೇಕು. ಕಾಯಿಲೆ ಅಥವಾ ಬೇರೆ ಮುಖ್ಯ ಜವಾಬ್ದಾರಿ ಇದ್ದರೆ ಮಾತ್ರ ವಿನಾಯಿತಿ. ವಾರ ಮುಗಿಸುವವರು ಶನಿವಾರ ಕೈ ಒರೆಸುವ ಬಟ್ಟೆಗಳನ್ನೆಲ್ಲ ಒಗೆದು, ಪಾತ್ರೆಗಳನ್ನು ಚೊಕ್ಕ ಮಾಡಿ, ಲೆಕ್ಕ ಒಪ್ಪಿಸಬೇಕು. ಭಾನುವಾರ ಪ್ರಾರ್ಥನಾ ಮಂದಿರದಲ್ಲಿ, ಸರದಿ ಮುಗಿಸಿದವರಿಗೂ ಶುರು ಮಾಡುವವರಿಗೂ ಎಲ್ಲರ ಮುಂದೆ ಆಶೀರ್ವಾದ. ಉಗ್ರಾಣ ನೋಡಿಕೊಳ್ಳುವವರು ಮಠದ ಪಾತ್ರೆ ಪಡಗಗಳನ್ನೆಲ್ಲ ಪೂಜಾ ಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕು ಎಂದು ಇನ್ನೊಂದು ಕಡೆ ಇದೆ.

ನಮ್ಮ ಮನೆಗಳಲ್ಲಿ ಏನಾಗುತ್ತದೆ? ಒಬ್ಬರು ಕಣ್ಣು ಮುಚ್ಚಿ ಕೂತಿರುತ್ತಾರೆ. ಅದೇ ಹೊತ್ತಿಗೆ ಇನ್ನೊಬ್ಬರು ಟಿಫಿನ್ ಬಾಕ್ಸ್ ತುಂಬುತ್ತಾ, ಮಕ್ಕಳ ಶೂ ಹುಡುಕುತ್ತಾ ಇರುತ್ತಾರೆ. ಅದನ್ನು ಅಧ್ಯಾತ್ಮ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮನೆಗೆ ಮಠದಿಂದ ಏನಾದರೂ ಒಂದನ್ನು ತರುವುದಾದರೆ ಮೊದಲು ಈ ಸರದಿಯನ್ನು ತನ್ನಿ. ಗಂಡ ಹೆಂಡತಿ ಕೂತು ವಾರದ ಕೆಲಸ ಹಂಚಿಕೊಳ್ಳಿ. ನಿಮ್ಮ ಹತ್ತು ನಿಮಿಷದಷ್ಟೇ ಅವರ ಹತ್ತು ನಿಮಿಷವೂ ಗಟ್ಟಿಯಾಗಿರಲಿ.

ಓದಿನ ಬಗ್ಗೆ. ಈ ಸನ್ಯಾಸಿಗಳು ಓದುವ ರೀತಿಯೇ ಬೇರೆ. ಒಂದು ಚಿಕ್ಕ ಭಾಗವನ್ನು ಮೆಲ್ಲಗೆ ಬಾಯಿಬಿಟ್ಟು ಓದುತ್ತಾರೆ. ಯಾವ ಮಾತು ಹಿಡಿದು ನಿಲ್ಲಿಸುತ್ತದೋ ಅಲ್ಲಿ ನಿಲ್ಲುತ್ತಾರೆ. ಅದನ್ನೇ ಮತ್ತೆ ಮತ್ತೆ ಅಂದುಕೊಳ್ಳುತ್ತಾರೆ. ಅದರಿಂದ ಪ್ರಾರ್ಥನೆ ಹುಟ್ಟಿದರೆ ಪ್ರಾರ್ಥಿಸುತ್ತಾರೆ. ಆಮೇಲೆ ಸುಮ್ಮನಿರುತ್ತಾರೆ. 12ನೇ ಶತಮಾನದಲ್ಲಿ ಗೀಗೋ ಎಂಬ ಕಾರ್ಥೂಸಿಯನ್ (ಇನ್ನೊಂದು ಕ್ರೈಸ್ತ ಪಂಗಡದ) ಸನ್ಯಾಸಿ ಈ ನಾಲ್ಕನ್ನು ಏಣಿಯ ನಾಲ್ಕು ಮೆಟ್ಟಿಲು ಎಂದು ವಿವರಿಸಿದರು. ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ವಚನಗಳು ಹುಟ್ಟುತ್ತಿದ್ದವು. ನಾಲ್ಕೈದು ಸಾಲಿನ ವಚನ ಈ ಥರ ಓದಲು ಹೇಳಿ ಮಾಡಿಸಿದ ಹಾಗಿದೆ. ನನಗೆ ವಚನ ನಕಲು ಮಾಡುವುದೂ ಓದುವುದೂ ಒಂದೇ ಕೆಲಸ. ಕೈ ನಿಧಾನ ಆದರೆ ಕಣ್ಣೂ ನಿಧಾನ ಆಗುತ್ತದೆ. ನಿಮಗೆ ಚಿತ್ರ ಬರುತ್ತದಲ್ಲ, ಹಿಡಿದು ನಿಲ್ಲಿಸಿದ ಆ ಒಂದು ಮಾತನ್ನು ಪುಟದ ಮೇಲೆ ಬರೆದುಕೊಂಡು, ಕೆಳಗೆ ಕಣ್ಣೆದುರಿಗೆ ಇದ್ದದ್ದನ್ನು ಬಿಡಿಸಿ. ನೀರಿನ ಚೊಂಬು, ಕರಿಬೇವಿನ ಕಡ್ಡಿ, ಮಗುವಿನ ಚಪ್ಪಲಿ, ಏನಾದರೂ. ಎರಡಕ್ಕೂ ಸಂಬಂಧ ಹುಡುಕಲು ಹೋಗಬೇಡಿ.

ವಚನಕಾರರೂ ಮನೆ ಬಿಟ್ಟವರೇ ಆಗಿರಲಿಲ್ಲ. ನೇಯುವವರು, ದೋಣಿ ನಡೆಸುವವರು, ಬಟ್ಟೆ ಒಗೆಯುವವರು ಇದ್ದರು. ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೂ ಗೊತ್ತಿರುತ್ತದೆ. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವರ ಕಾಯಕ. ಒಂದು ದಿನ ಆತ ಬೇಕಾದ್ದಕ್ಕಿಂತ ಜಾಸ್ತಿ ತಂದಾಗ, ಹೆಚ್ಚಿನದನ್ನು ವಾಪಸ್ ಸುರಿದು ಬಾ ಎಂದು ಕಳಿಸಿದಳು. ನಮ್ಮಂಥವರ ಸಾಧನೆಗೂ ಈ ಅಳತೆ ಬೇಕು. ಉತ್ಸಾಹ ಬಂದ ದಿನ ಮೂರು ತಾಸು ಚಿತ್ರ ಬರೆದು, ಆಮೇಲೆ ತಿಂಗಳುಗಟ್ಟಲೆ ಬಿಡುವುದಕ್ಕಿಂತ, ಇನ್ನೂ ಬರೆಯಬೇಕು ಅನಿಸುತ್ತಿರುವಾಗಲೇ ಏಳುವುದು ಒಳ್ಳೆಯದು.

ಬಿಡಿಸಿದ್ದನ್ನು ಇನ್‌ಸ್ಟಾಗ್ರಾಮಿಗೆ ಹಾಕಬಹುದಾ ಅಂತಲೂ ಕೇಳಿದ್ದೀರಿ. ಇದಕ್ಕೂ ನಿಯಮದಲ್ಲಿ ಉತ್ತರ ಇದೆ, 57ನೇ ಅಧ್ಯಾಯದಲ್ಲಿ. ಮಠದಲ್ಲಿ ಕುಶಲಕರ್ಮಿಗಳಿದ್ದರೆ ವಿನಯದಿಂದ ತಮ್ಮ ಕೆಲಸ ಮಾಡಲಿ. ಮಠಕ್ಕೆ ತನ್ನಿಂದಲೇ ಲಾಭ ಎಂದು ಒಬ್ಬ ಬೀಗಿದರೆ ಅವನಿಂದ ಆ ಕೆಲಸ ಬಿಡಿಸಬೇಕು. ವಿನಯ ತಿಳಿದ ಮೇಲೆ ಮತ್ತೆ ಕೊಡಬಹುದು. ಕಠಿಣ ಅನಿಸುತ್ತದೆ, ಆದರೆ ನನಗೆ ಸರಿ ಅನಿಸುತ್ತದೆ. ಹಾಕುವುದಾದರೆ ಹಾಕಿ. ಆದರೆ ಯಾರೂ ನೋಡದ ಪುಸ್ತಕ ಒಂದು ಬೇರೆ ಇರಲಿ. ಲೈಕ್ ಎಷ್ಟು ಬಂತು ಎಂದು ಕೈ ಮತ್ತೆ ಮತ್ತೆ ಫೋನಿಗೆ ಹೋಗುತ್ತಿದ್ದರೆ ಸ್ವಲ್ಪ ದಿನ ಆ ಪುಸ್ತಕದಲ್ಲೇ ಇರಿ. ದಿನದ ಕೊನೆಯ ಪ್ರಾರ್ಥನೆ ಆದ ಮೇಲೆ ಮಠದಲ್ಲಿ ಯಾರೂ ಮಾತಾಡುವುದಿಲ್ಲ. ಮನೆಯಲ್ಲಿ ಅದಕ್ಕೆ ಸಮನಾದದ್ದು ಮಕ್ಕಳು ಮಲಗಿದ ಮೇಲೆ ಫೋನನ್ನು ನಡುಮನೆಯಲ್ಲೇ ಇಟ್ಟು ಮಲಗುವುದು.

ವಯಸ್ಸಾಯಿತು, ಈಗ ಶುರು ಮಾಡಿ ಏನು ಪ್ರಯೋಜನ ಎಂಬ ಅಳುಕೂ ನಿಮ್ಮ ಮಾತಿನಲ್ಲಿ ಕಂಡಿತು. ಜರ್ಮನಿಯ ಬೆನೆಡಿಕ್ಟೈನ್ ಸನ್ಯಾಸಿನಿ ಬಿಂಗೆನ್‌ನ ಹಿಲ್ಡೆಗಾರ್ಡ್ (1098–1179) ತಮ್ಮ ಮೊದಲ ದೊಡ್ಡ ಪುಸ್ತಕಕ್ಕೆ ಕೈಹಾಕಿದ್ದು 40 ದಾಟಿದ ಮೇಲೆ. ಅದು ಮುಗಿಯಲು ಸುಮಾರು ಹತ್ತು ವರ್ಷ ಬೇಕಾಯಿತು. ಮಠ ನಡೆಸುತ್ತಲೇ ಬರೆದರು, ರಾಗ ಸಂಯೋಜಿಸಿದರು. ಅವರ ಹಾಡುಗಳನ್ನು ಇವತ್ತಿಗೂ ಹಾಡುತ್ತಾರೆ.

ಇದಕ್ಕೆಲ್ಲ ಧರ್ಮ ಬದಲಾಯಿಸಬೇಕಾ ಎಂಬ ಪ್ರಶ್ನೆಗೆ ಉತ್ತರ: ಬೇಡ. ಕ್ರೈಸ್ತರಾಗಿದ್ದು, ಮನೆಯಲ್ಲೇ ಇದ್ದು ಈ ನಿಯಮದಂತೆ ಬಾಳುತ್ತೇನೆ ಎಂದು ಒಂದು ಮಠಕ್ಕೆ ಮಾತು ಕೊಡುವವರನ್ನು ಒಬ್ಲೇಟ್ ಎನ್ನುತ್ತಾರೆ. ಅಮೆರಿಕದಲ್ಲಿ ಬಡವರ ನಡುವೆ ಕೆಲಸ ಮಾಡಿದ ಡೊರೊತಿ ಡೇ ಹಾಗೆ ಒಬ್ಲೇಟ್ ಆಗಿದ್ದವರು. ಉಳಿದ ನಾವು ಅತಿಥಿಗಳು. ಅತಿಥಿಯನ್ನು ಕ್ರಿಸ್ತನೇ ಬಂದಂತೆ ಬರಮಾಡಿಕೊಳ್ಳಬೇಕು ಎಂದು ನಿಯಮದಲ್ಲೇ ಇದೆ. ಮೊದಲೇ ಫೋನ್ ಮಾಡಿ ಕೇಳಿಕೊಂಡು, ಒಂದು ಸಂಜೆಯ ಪ್ರಾರ್ಥನೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಅಲ್ಲಿ ಕೀರ್ತನೆಯ ಪ್ರತಿ ಸಾಲಿನ ನಡುವೆ ಒಂದು ಉಸಿರಿನಷ್ಟು ಹೊತ್ತು ಎಲ್ಲರೂ ಒಟ್ಟಿಗೆ ನಿಲ್ಲಿಸುತ್ತಾರೆ. ಅದನ್ನು ನಾನು ಬರೆದು ತಿಳಿಸುವುದು ಕಷ್ಟ, ನೀವೇ ಕೇಳಬೇಕು.