ಹಳೇ ಪದ್ಮಿನಿ: ಕೆರೆಸಿ ಪೇಂಟ್ ಹೊಡೆಸುವ ಮುಂಚೆ ಇಷ್ಟು ಮಾಡಿ ನೋಡಿ

ನಮಸ್ಕಾರ ಸರ್. ಈಗಷ್ಟೇ ಓದುತ್ತಿರುವವರಿಗಾಗಿ ನಿಮ್ಮ ಪ್ರಶ್ನೆಯನ್ನು ಒಮ್ಮೆ ಹೇಳಿಬಿಡುತ್ತೇನೆ. ಅಪ್ಪಯ್ಯನ ಕಾಲದ 1986ರ ಪ್ರೀಮಿಯರ್ ಪದ್ಮಿನಿ, ನೀಲಿ ಬಣ್ಣ, ಹೊಸನಗರದ ಮನೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದೆ. ಟಾಪ್, ಬಾನೆಟ್ ಎರಡೂ ಬಿಳಿಚಿಕೊಂಡಿವೆ, ಕೈಯಿಟ್ಟರೆ ಪುಡಿ ಅಂಟುತ್ತದೆ. ಶಿವಮೊಗ್ಗದಲ್ಲಿ ತೋರಿಸಿದರೆ ಪೂರ್ತಿ ಕೆರೆದು ಹೊಸ ಪೇಂಟ್ ಹೊಡೆಯೋಣ ಅಂದಿದ್ದಾರೆ. ಪಾಲಿಶ್‌ನಲ್ಲೇ ಸರಿ ಹೋಗುತ್ತಾ ಅಂತ ನೀವು ಕೇಳಿದ್ದೀರಿ.

ಫೋಟೊ ನೋಡಿದೆ. ಬಹುಪಾಲು ಸರಿ ಹೋಗುತ್ತದೆ. ದಯವಿಟ್ಟು ಕೆರೆಸಬೇಡಿ.

ಯಾಕೆ ಅಂದರೆ, ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಪಾರದರ್ಶಕ ಪದರ ಇರುತ್ತದೆ. ಅದು ಸಿಪ್ಪೆ ಎದ್ದರೆ ಪಾಲಿಶ್ ಮಾಡಿ ಏನೂ ಸಿಗುವುದಿಲ್ಲ. ಆ ಕಾಲದ ಪದ್ಮಿನಿ, ಅಂಬಾಸಡರ್‌ಗಳ ಸಾದಾ ಬಣ್ಣಗಳಲ್ಲಿ ಆ ಪದರವೇ ಇಲ್ಲ, ಬಣ್ಣವೇ ಮೇಲ್ಮೈ. ಬಿಸಿಲಿಗೂ ಗಾಳಿಗೂ ಮೇಲಿನ ತೆಳು ಪೊರೆ ಮಾತ್ರ ಸಾಯುತ್ತದೆ. ಬಣ್ಣದ ಕಣಗಳನ್ನು ಹಿಡಿದಿಟ್ಟ ಅಂಟು ಸಡಿಲವಾಗಿ ಕಣಗಳು ಪುಡಿಯಾಗಿ ಏಳುತ್ತವೆ. ನಿಮ್ಮ ಕೈಗೆ ಹತ್ತಿದ ಪುಡಿ ಅದೇ. ಅದರ ಕೆಳಗೆ ನೀಲಿ ಇನ್ನೂ ಇದೆ.

ಊಹೆ ಮೇಲೆ ಹೋಗುವುದು ಬೇಡ, ಮೊದಲು ಪರೀಕ್ಷೆ ಮಾಡಿ. ಹಳೇ ಬಿಳಿ ಬನಿಯನ್ ತುಂಡಿಗೆ ಒಂದಿಷ್ಟು ಪಾಲಿಶ್ ಹಾಕಿ ಬಾನೆಟ್ ಮೇಲೆ ಅಂಗೈಯಗಲ ಉಜ್ಜಿ. ಬಟ್ಟೆ ನೀಲಿಯಾದರೆ ಕ್ಲಿಯರ್ ಇಲ್ಲ, ಒಳ್ಳೆ ಸುದ್ದಿ. ಬರೀ ಕೊಳೆ ಬಂದು ನೀಲಿ ಬರದಿದ್ದರೆ ಮಧ್ಯೆ ಯಾರೋ ಕ್ಲಿಯರ್ ಹಾಕಿ ಪೇಂಟ್ ಮಾಡಿಸಿರಬಹುದು. ಆಮೇಲೆ ಡಿಕ್ಕಿ ಒಳಗಡೆ ಕಾಣದ ಜಾಗದಲ್ಲಿ ಥಿನ್ನರ್ ಮುಟ್ಟಿಸಿದ ಬಟ್ಟೆ ಒತ್ತಿ ನೋಡಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಪೇಂಟ್. ಸುಕ್ಕುಗಟ್ಟಿದರೆ ಸಿಂಥೆಟಿಕ್ ಎನಾಮೆಲ್. ಏನೂ ಆಗದಿದ್ದರೆ ಈಚಿನ ಪಿಯು, ಅಂದರೆ ಪಾಲಿಯುರೆಥೇನ್ ಪೇಂಟ್. ಎನ್‌ಸಿ ಬಿಸಿಗೆ ಬೇಗ ಮೆತ್ತಗಾಗುತ್ತದೆ. ಹಾಗಾಗಿ ಮೆಷಿನ್ ಹಿಡಿಯುವ ಮೊದಲು ಇದು ಗೊತ್ತಿರಬೇಕು.

ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಭಾಗ, ಚಕ್ರದ ಕಮಾನು, ಹೆಡ್‌ಲೈಟ್ ಸುತ್ತ ಆಡಿಸಿ. ಹಿಡಿತ ಸಡಿಲವಾದ ಕಡೆ ಒಳಗೆ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಗುಳ್ಳೆ ಎದ್ದಿರುವಲ್ಲಿ ಕೆಳಗೆ ತುಕ್ಕು ಇದೆ. ಬಲೆಯಂತೆ ಸಣ್ಣ ಬಿರುಕು ಬಿಟ್ಟ ಪೇಂಟೂ ಪಾಲಿಶ್‌ಗೆ ಸರಿ ಹೋಗುವುದಿಲ್ಲ. ಆ ಜಾಗಗಳನ್ನು ಈಗ ಗುರುತು ಮಾಡಿಟ್ಟುಕೊಂಡರೆ ಸಾಕು.

ಇನ್ನು ತೊಳೆಯುವುದು. ನೆಟ್‌ನಲ್ಲಿ ಸಿಗುವ ವಿಡಿಯೊಗಳು ಒಣ ಊರಿನವರವು, ನಮ್ಮ ಕಾರುಗಳ ಮೇಲೆ ಇರುವುದೇ ಬೇರೆ. ಮೊದಲನೆಯದು ಜಂಬಿಟ್ಟಿಗೆ ಧೂಳು. ಒಣಬಟ್ಟೆಯಲ್ಲಿ ಒರೆಸಿದರೆ ಗೀರು ಗ್ಯಾರಂಟಿ. ಪೈಪಿನಲ್ಲಿ ನೀರು ಬಿಟ್ಟು ಅದೆಲ್ಲ ಹರಿದು ಹೋದ ಮೇಲೆಯೇ ಶಾಂಪೂ, ಬಟ್ಟೆ. ಗ್ಲಾಸಿನ ರಬ್ಬರ್ ಬೀಡಿಂಗ್ ಸಂದಿಯಲ್ಲಿ ಹಾವಸೆ ಕೂತಿರುತ್ತದೆ, ಹಳೇ ಟೂತ್‌ಬ್ರಷ್ ಬೇಕು. ಪೇಂಟಿನ ಅಂಚು ಎದ್ದಿದ್ದರೆ ಪ್ರೆಷರ್ ವಾಷರ್ ಹತ್ತಿರ ತರಬೇಡಿ, ಹಾಳೆಯಾಗಿ ಕಿತ್ತು ಬರುತ್ತದೆ.

ಬಾನೆಟ್ ಮೇಲೆ ನಸುನೀಲಿ-ಬಿಳಿ ಚುಕ್ಕೆಗಳಿವೆ ಅಂದಿರಲ್ಲ, ಫೋಟೊದಲ್ಲಿ ನೋಡಿದರೆ ಬೋರ್ಡೋ ದ್ರಾವಣ ಅನಿಸುತ್ತದೆ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವಾಗ ಗಾಳಿಗೆ ಹಾರಿ ಬಂದಿರಬೇಕು. ಮೈಲುತುತ್ತ, ಸುಣ್ಣ ಸೇರಿದ ಕಲೆ ಶಾಂಪೂಗೆ ಹೋಗುವುದಿಲ್ಲ, ಉಗುರಿನಲ್ಲಿ ಕೆರೆದರೆ ಪೇಂಟೂ ಬರುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಹತ್ತಿ ಅದ್ದಿ ಚುಕ್ಕೆ ಮೇಲೆ ಎರಡು ಮೂರು ನಿಮಿಷ ಇಡಿ. ಸುಣ್ಣ ಕರಗಿ ಚುಕ್ಕೆ ಮೆತ್ತಗಾಗುತ್ತದೆ. ಒರೆಸಿ ತಕ್ಷಣ ನೀರು ಹೊಯ್ಯಿರಿ. ಕ್ರೋಮ್ ಬಂಪರಿಗೆ ವಿನೆಗರ್ ಹರಿಯದಂತೆ ನೋಡಿಕೊಳ್ಳಿ. ಒಂದು ಚುಕ್ಕೆಯಲ್ಲಿ ಮಾಡಿ ನೋಡಿ ಮುಂದುವರಿಯುವುದು ಒಳ್ಳೆಯದು.

ಕಂದು ಕಲೆಗಳು ಅಡಿಕೆ ಚೊಗರಿನವು, ಅಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಕಂದು ರಸದವು. ಹೆಗ್ಗೋಡಿನಲ್ಲಿ ಬಟ್ಟೆಗೆ ಬಣ್ಣ ಹಾಕುವುದೂ ಇದರಲ್ಲೇ, ಹಾಗಾಗಿ ಅದು ಸುಲಭಕ್ಕೆ ಬಿಡುತ್ತದೆ ಅಂದುಕೊಳ್ಳಬೇಡಿ. ಮೇಲೆಮೇಲಿನದು ಮುಂದೆ ಕಾಂಪೌಂಡ್ (ಪೇಂಟಿನ ಮೇಲ್ಪದರ ಉಜ್ಜಿ ತೆಗೆಯುವ ಪೇಸ್ಟ್) ಹಾಕುವಾಗ ಹೋಗುತ್ತದೆ, ಒಳಗೆ ಇಳಿದದ್ದು ಉಳಿಯುತ್ತದೆ. ಕಲೆ ಕಂದು ಹೋಗಿ ಕಪ್ಪಾಗಿದ್ದರೆ ಅಲ್ಲಿ ಪೇಂಟ್ ಚಕ್ಕೆ ಎದ್ದಿರಬಹುದು. ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಅಂಥ ಕಡೆ ಭೂತಗನ್ನಡಿ ಹಿಡಿದು ನೋಡಿ.

ಡಾಮರಿಗೆ ಬಟ್ಟೆ ತುದಿಯಲ್ಲಿ ಸ್ವಲ್ಪ ಸೀಮೆಎಣ್ಣೆ ಸಾಕು, ಆಮೇಲೆ ಶಾಂಪೂ ಹಾಕಿ ತೊಳೆದುಬಿಡಿ. ಬಾಗಿಲುಗಳ ತಳದಲ್ಲಿ ನೀರು ಹೋಗುವ ಸಣ್ಣ ತೂತುಗಳಿವೆ, ಮಣ್ಣು ಕಟ್ಟಿದ್ದರೆ ಕಡ್ಡಿಯಲ್ಲಿ ಬಿಡಿಸಿ. ಪಾಲಿಶ್‌ಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ಬಾಗಿಲು ಕೊಳೆಯುವುದು ಅಲ್ಲಿಂದಲೇ.

ಈಗ ಹೆಚ್ಚಿನವರು ಬಿಟ್ಟುಬಿಡುವ ಹಂತ. ಇಷ್ಟು ಒಣಗಿದ ಪೇಂಟಿಗೆ ನೇರ ಕಾಂಪೌಂಡ್ ಹಾಕಬೇಡಿ. ಒಣ ಪೊರೆ ಕಿತ್ತು ಬರುತ್ತದೆ, ಬೇಕಾದ್ದಕ್ಕಿಂತ ಜಾಸ್ತಿ ಬಣ್ಣ ಹೋಗುತ್ತದೆ. ಮೊದಲು ಎಣ್ಣೆ ಕುಡಿಸಬೇಕು. ಮೆಗ್ವಯರ್ಸ್ ಕಂಪನಿಯ ನಂಬರ್ 7 ಶೋ ಕಾರ್ ಗ್ಲೇಜ್ ಇದಕ್ಕೆ ಹೆಸರಾದದ್ದು. ಅದರಲ್ಲಿ ಉಜ್ಜುವ ಪುಡಿ ಇಲ್ಲ, ಎಣ್ಣೆ ಅಂಶ ಜಾಸ್ತಿ. ನಿಮಗೆ ಆನ್‌ಲೈನಲ್ಲೇ ತರಿಸಬೇಕಾಗಬಹುದು. ದಪ್ಪ ಟರ್ಕಿ ಟವೆಲ್ ತುಂಡಿಗೆ ಧಾರಾಳವಾಗಿ ಹಾಕಿ, ಒತ್ತಿ ಉಜ್ಜಿ. ಟವೆಲ್ ನೀಲಿಯಾಗುತ್ತದೆ, ಗಾಬರಿಯಾಗಬೇಡಿ, ಅದು ಸತ್ತ ಬಣ್ಣ. ಆಮೇಲೆ ಇನ್ನೊಂದು ಕೋಟ್ ದಪ್ಪವಾಗಿ ಬಳಿದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ನೋಡಿದರೆ ಕೆಲವು ಕಡೆ ಪೂರ್ತಿ ಹೀರಿಕೊಂಡಿರುತ್ತದೆ, ಕೆಲವು ಕಡೆ ಜಿಡ್ಡು ಹಾಗೇ ಇರುತ್ತದೆ. ಹೀರಿದ ಕಡೆ ಮತ್ತೆ ಬಳಿಯಿರಿ. ಬಾನೆಟ್ ಮಧ್ಯದಲ್ಲಿ ಆಳದ ನೀಲಿ ಎದ್ದು ಬರುವುದು ಈ ಹಂತದಲ್ಲೇ, ಇನ್ನೂ ಕಾಂಪೌಂಡ್ ಡಬ್ಬಿ ತೆರೆದಿರುವುದಿಲ್ಲ.

ಕೊಬ್ಬರಿ ಎಣ್ಣೆ, ಡೀಸೆಲ್ ಒರೆಸಿದರೂ ಹೀಗೇ ಹೊಳೆಯುತ್ತದೆ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಹೌದು, ಎರಡು ದಿನ ಹೊಳೆಯುತ್ತದೆ. ಮೂರನೇ ದಿನ ಧೂಳೆಲ್ಲ ಅಂಟಿ ಮೊದಲಿಗಿಂತ ಕೆಟ್ಟದಾಗುತ್ತದೆ. ಟೂತ್‌ಪೇಸ್ಟ್ ವಿಚಾರ ಬಿಟ್ಟುಬಿಡೋಣ ಮಾರಾಯ್ರೆ.

ಆಮೇಲೆ ಕಾಂಪೌಂಡ್. ಅಂಗಡಿಯಲ್ಲಿ ರಬ್ಬಿಂಗ್ ಕಾಂಪೌಂಡ್ ಅಂತ ಕೇಳಿದರೆ ದಪ್ಪ ತರಿಯದು ಕೊಡುತ್ತಾರೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಸಣ್ಣ ತರಿಯ ಪಾಲಿಶ್‌ನಿಂದ ಶುರು ಮಾಡಿ, ಅದರಲ್ಲೇ ಬಂದರೆ ಮುಂದಕ್ಕೆ ಹೋಗುವುದೇ ಬೇಡ. ಪ್ರೈಮರ್ ಎಲ್ಲ ಸೇರಿ ಕಾರಿನ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಅಷ್ಟೇ, ಎರಡು ತಲೆಕೂದಲು ಸೇರಿಸಿದಷ್ಟು ದಪ್ಪ. ಅದರಲ್ಲಿ ಬಣ್ಣದ ಪಾಲು ಇನ್ನೂ ಕಡಿಮೆ. ಹಿಂದೆ ಪಾಲಿಶ್ ಮಾಡಿಸಿದಾಗಲೆಲ್ಲ ಒಂದಿಷ್ಟು ಸವೆದೂ ಇರುತ್ತದೆ.

ಪದ್ಮಿನಿಯಲ್ಲಿ ಮೂಲೆ, ಏಣು ಜಾಸ್ತಿ. ಬಾನೆಟ್ ಅಂಚು, ಬಾಗಿಲಿನ ಉದ್ದದ ಗೆರೆ, ಹಿಂದಿನ ಮಡ್‌ಗಾರ್ಡ್ ತುದಿ. ಪೇಂಟ್ ಅತಿ ತೆಳು ಇರುವುದು ಅಲ್ಲೇ. ಅವಕ್ಕೆಲ್ಲ ಮಾಸ್ಕಿಂಗ್ ಟೇಪ್ ಹಾಕಿ, ಕೊನೆಗೆ ಟೇಪ್ ಕಿತ್ತು ಕೈಯಲ್ಲೇ ಹಗುರವಾಗಿ ಮಾಡಿ. ಸಪಾಟು ಜಾಗಕ್ಕೆ ಮೆಷಿನ್ ಬೇಕಿದ್ದರೆ ಡ್ಯುಯಲ್ ಆಕ್ಷನ್ ಪಾಲಿಶರ್ ತಗೊಳ್ಳಿ. ಅದು ಒಂದೇ ಕಡೆ ನಿಂತು ಸುತ್ತುವುದಿಲ್ಲ, ಬಿಸಿ ಕಡಿಮೆ. ಗ್ಯಾರೇಜಿನವರ ರೋಟರಿ ಬೇಗ ಕೆಲಸ ಮಾಡುತ್ತದೆ, ಅಭ್ಯಾಸ ಇಲ್ಲದ ಕೈಯಲ್ಲಿ ಅಷ್ಟೇ ಬೇಗ ಸುಡುತ್ತದೆ. ನೆರಳಲ್ಲಿ, ತಣ್ಣಗಿರುವ ತಗಡಿನ ಮೇಲೆ, ಒಂದೂವರೆ ಅಡಿ ಚೌಕದಷ್ಟು ಜಾಗ ಮುಗಿಸಿ ಮುಂದೆ ಹೋಗಿ. ಆಗಾಗ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಹಿಂದೆಗೆಯುವಷ್ಟು ಬಿಸಿಯಾದರೆ ನಿಲ್ಲಿಸಿ.

ಪ್ಯಾಡ್ ಮೇಲೆ ಕಣ್ಣಿರಲಿ. ನೀಲಿ ಬರುತ್ತಿರುವವರೆಗೆ ಸರಿ. ಬೂದಿಯೋ ಇಟ್ಟಿಗೆ ಕೆಂಪೋ ಕಾಣಿಸಿದರೆ ಪ್ರೈಮರ್ ಮುಟ್ಟಿದ್ದೀರಿ, ಅಲ್ಲಿಗೆ ಬಿಡಿ. ನೀಲಿ ಪುಡಿ ಕಟ್ಟಿದ ಪ್ಯಾಡನ್ನು ಬ್ರಷ್‌ನಲ್ಲಿ ತಿಕ್ಕಿ ತೆಗೆಯುತ್ತಿರಬೇಕು, ಇಲ್ಲದಿದ್ದರೆ ಅದೇ ಗೀರು ಹಾಕುತ್ತದೆ. ಆಳದ ಗೀರು ಉಳಿದರೆ ಉಳಿಯಲಿ. ಅದರ ಹಿಂದೆ ಬಿದ್ದು 2000 ನಂಬರ್ ವಾಟರ್ ಪೇಪರ್ ಹಿಡಿದವರು ಟಾಪ್ ಪೇಂಟ್ ಮಾಡಿಸುವಲ್ಲಿಗೆ ಬಂದು ನಿಲ್ಲುತ್ತಾರೆ. ಎಲ್ಲಾದರೂ ಉಜ್ಜಲೇಬೇಕಾದರೆ ನೀರು ಹಾಕಿಯೇ ಉಜ್ಜಿ. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಆ ಧೂಳು ಮೂಗಿಗೆ ಹೋಗಬಾರದು.

ಕೊನೆಗೆ ವ್ಯಾಕ್ಸ್, ತೆಳುವಾಗಿ ಎರಡು ಸಲ. ಇದನ್ನು ಬಿಟ್ಟರೆ ಮಾಡಿದ್ದೆಲ್ಲ ಒಂದೇ ಮಳೆಗಾಲಕ್ಕೆ ಹೋಗುತ್ತದೆ. ಜೂನ್ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಹಾಕಿದರೆ ಶೆಡ್ಡಿನಲ್ಲಿರುವ ಕಾರಿಗೆ ಸಾಕು. ಪ್ಲಾಸ್ಟಿಕ್ ಟಾರ್ಪಾಲು ಮಾತ್ರ ಹೊದಿಸಬೇಡಿ. ನಮ್ಮ ಕಡೆ ತೇವ ಅದರೊಳಗೇ ಕೂತು ಪೇಂಟಿನಲ್ಲಿ ಗುಳ್ಳೆ ಏಳುತ್ತದೆ. ಗಾಳಿಯಾಡುವ ಬಟ್ಟೆ ಕವರ್ ಹಾಕಿ, ಬಿಸಿಲು ಬಂದ ದಿನ ತೆಗೆದು ಒಣಗಿಸಿ. ಫೋಟೊದಲ್ಲಿ ಕಾರಿನ ಪಕ್ಕ ಪೊಟ್ಯಾಷ್ ಚೀಲ ಕಂಡಿತು. ಅದು ಉಪ್ಪು, ತೇವ ಎಳೆದು ತಗಡು ತಿನ್ನುತ್ತದೆ. ಇವತ್ತೇ ಬೇರೆ ಕಡೆ ಇಡಿಸಿ.

ಫೋಟೊದಲ್ಲಿ ಕಂಡ ಎಡ ಬಾಗಿಲ ತಳದ ಗುಳ್ಳೆಗಳಿಗೆ ಟಿಂಕರಿಂಗ್ (ತಗಡಿನ ರಿಪೇರಿ) ಬೇಕೇ ಬೇಕು. ಆದರೆ ಪಾಲಿಶ್ ಮುಗಿದ ಮೇಲೆ, ಅದೂ ಡಿಸೆಂಬರ್‌ನಿಂದ ಮಾರ್ಚ್ ಒಳಗೆ. ತೇವದ ಗಾಳಿಯಲ್ಲಿ ಎನ್‌ಸಿ ಹೊಡೆದರೆ ಒಣಗುವಾಗ ಹಾಲಿನಂತೆ ಬಿಳಿ ಮಬ್ಬು ಕಟ್ಟುತ್ತದೆ. ಅಷ್ಟು ಜಾಗಕ್ಕೆ ಮಾತ್ರ ಪೇಂಟ್ ಸಾಕು ಅಂತ ಮೊದಲೇ ಖಡಾಖಂಡಿತ ಹೇಳಿ, ಇಲ್ಲದಿದ್ದರೆ ಒಂದು ಬದಿ ಪೂರ್ತಿ ಕೆರೆದಿಡುತ್ತಾರೆ. 2001ರ ಹೊತ್ತಿಗೇ ಪದ್ಮಿನಿ ತಯಾರಿಕೆ ನಿಂತುಹೋಗಿದೆ, ಹೊಸ ಬಾಗಿಲು ಸಿಗುವುದು ಕಷ್ಟ. ಹಾಗಾಗಿ ತುಕ್ಕು ಹಿಡಿದಷ್ಟು ತಗಡನ್ನು ಮಾತ್ರ ಕತ್ತರಿಸಿ ಬೆಸೆಯಲು ಹೇಳಿ. ಬಣ್ಣ ಮ್ಯಾಚ್ ಮಾಡಿಸಲು ಡಿಕ್ಕಿ ಒಳಗಿನ ನೀಲಿ ತೋರಿಸಬೇಡಿ, ಅದು ಬಿಸಿಲು ಕಂಡಿಲ್ಲ. ಪಾಲಿಶ್ ಆದ ಬಾಗಿಲ ಮೇಲ್ಭಾಗಕ್ಕೇ ಹೋಲಿಸಿ, ಹಗಲು ಬೆಳಕಿನಲ್ಲಿ, ಮೊದಲು ತಗಡಿನ ತುಂಡಿನ ಮೇಲೆ ಹೊಡೆಸಿ ಒಣಗಿಸಿ ನೋಡಿ. ಬೇರೆ ಬಣ್ಣ ಮಾಡಿಸುವ ಯೋಚನೆ ಇದ್ದರೆ ಆರ್‌ಸಿಯಲ್ಲೂ ಬಣ್ಣ ಬದಲಾಯಿಸಬೇಕು, ಆರ್‌ಟಿಒ ಕಚೇರಿಗೆ ಓಡಾಡುವ ಕೆಲಸ.